ಬಾರದವರ ಪಾಲು

ನಾನು ಓದಿದ ಮಂಗಳೂರಿನ ಕರ್ನಾಟಕ ತಿಯಲಾಜಿಕಲ್ ಕಾಲೇಜಿನ ಪತ್ರಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಹಾಸ್ಟೆಲಿನ ಊಟ, ಗ್ರೀಕ್ ಪರೀಕ್ಷೆಯ ಹಿಂದಿನ ರಾತ್ರಿಗಳು, ಬಲ್ಮಠದ ಏರುದಾರಿ ಎಲ್ಲವೂ ನೆನಪಿಗೆ ಬಂದವು. ಅವನ್ನು ನನ್ನ ಸಹಪಾಠಿಗಳು ನನಗಿಂತ ರಸವತ್ತಾಗಿ ಬರೆಯಬಲ್ಲರು. ನಾನು ಬರೆಯಬೇಕೆಂದುಕೊಂಡದ್ದು ಬೆಳಗಿನ ಆರಾಧನೆಯ ಬಗ್ಗೆ. ಸಭಾಪಾಲಕನಾಗಿ, ಅಂದರೆ ಪಾದ್ರಿಯಾಗಿ, ಇಷ್ಟು ವರ್ಷ ದುಡಿದ ಮೇಲೆ, ಬಿ.ಡಿ. (ದೈವಶಾಸ್ತ್ರದ ಪದವಿ) ತರಗತಿಯಲ್ಲಿ ಓದಿದ ಎಷ್ಟೋ ಸಂಗತಿ ಮಸುಕಾಗಿವೆ. ಆರಾಧನೆ ಎಂದರೇನು, ಅದನ್ನು ನಡೆಸುವುದು ಹೇಗೆ ಎಂದು ಅಲ್ಲಿ ಕಲಿಸಿದ್ದು ಮಾತ್ರ ಪ್ರತಿ ಭಾನುವಾರ ಕೆಲಸಕ್ಕೆ ಬರುತ್ತಿದೆ.

ನಾನು ಬೆಟಗೇರಿ ಕಡೆಯವನು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಜರ್ಮನ್ ಭಾಷಿಕರು ಅಲ್ಲಿಗೆ ಬಂದದ್ದು 1841ರಲ್ಲಿ. ನಮ್ಮ ಜನ ಇಂದಿಗೂ ‘ಜರ್ಮನ್ ದವಾಖಾನಿ’ ಎಂದೇ ಕರೆಯುವ ಆಸ್ಪತ್ರೆ ಅವರ ನೆನಪನ್ನು ಉಳಿಸಿಕೊಂಡಿದೆ. ನಮ್ಮಲ್ಲಿ ದೇವರ ಹಾಡೆಂದರೆ ಭಜನೆ. ಹಾರ್ಮೋನಿಯಂ, ತಬಲಾ, ತಾಳ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು. ಮಂಗಳೂರಿಗೆ ಬಂದು ನೋಡಿದರೆ ನಾಲ್ಕು ಸ್ವರಗಳಲ್ಲಿ ಹಾಡುವ ಗಾಯನ ಮಂಡಳಿ, ಜರ್ಮನ್ ರಾಗಗಳು, ಆಮೇಲೆ ಇದ್ದಕ್ಕಿದ್ದಂತೆ ಒಂದು ತುಳು ಹಾಡು. ಮೊದಲ ವಾರ ಬಾಯಿ ತೆರೆಯಲೂ ಧೈರ್ಯ ಬರಲಿಲ್ಲ. ನಿಘಂಟಿನ ಕಿಟೆಲ್ ಅವರು 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ದೇಸೀ ಛಂದಸ್ಸಿಗೆ ಹೊಂದಿಸಿ ಪದ್ಯ ಕಟ್ಟಿದ್ದರು ಎಂದು ಗೊತ್ತಾದಾಗ ನಮ್ಮ ಭಜನೆಯ ಕಡೆಯವರಿಗೆ ಸ್ವಲ್ಪ ಬಲ ಬಂತು. ರಾಗದ ಈ ಜಗಳ ಹಾಸ್ಟೆಲಿನಲ್ಲಿ ಮುಗಿದದ್ದೇ ಇಲ್ಲ. ಈಗಿನ ವಿದ್ಯಾರ್ಥಿಗಳೂ ಅದನ್ನು ಮುಂದುವರಿಸುತ್ತಿದ್ದಾರೆಂದು ಕೇಳಿ ಸಂತೋಷವಾಗುತ್ತದೆ.

ಕಾಲೇಜಿನ ಹುಟ್ಟಿನಲ್ಲೇ ಈ ಬೆರಕೆ ಇದೆ. 1847ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಸೆಮಿನರಿ ತೆರೆದರು. 1965ರಲ್ಲಿ ತುಮಕೂರಿನ ಯೂನಿಯನ್ ಸೆಮಿನರಿ ಇದರೊಂದಿಗೆ ಸೇರಿ ಕರ್ನಾಟಕ ತಿಯಲಾಜಿಕಲ್ ಕಾಲೇಜು ಆಯಿತು. ಹಾಗಾಗಿ ನಮ್ಮ ತರಗತಿಯಲ್ಲಿ ಕರಾವಳಿಯವರು, ಮೈಸೂರು ಸೀಮೆಯವರು, ಬೀದರ್ ಕಡೆಯ ಮೆಥೊಡಿಸ್ಟರು, ನಮ್ಮಂಥ ಧಾರವಾಡದ ಕಡೆಯವರು ಎಲ್ಲರೂ ಇದ್ದೆವು. ಪ್ರಾರ್ಥನೆಗೆ ಒಬ್ಬ ಮೊಣಕಾಲೂರಿದರೆ ಇನ್ನೊಬ್ಬ ಎದ್ದು ನಿಲ್ಲುತ್ತಿದ್ದ, ಮೂರನೆಯವನು ಕುಳಿತಲ್ಲೇ ತಲೆ ಬಾಗಿಸುತ್ತಿದ್ದ. ಮೂವರಿಗೂ ತಮ್ಮ ಊರಿನ ಪದ್ಧತಿಯೇ ಸತ್ಯವೇದದಿಂದ ನೇರ ಇಳಿದು ಬಂದದ್ದೆಂಬ ನಂಬಿಕೆ!

ಆರಾಧನಾ ವಿಧಿಗಳನ್ನು ಕಲಿಸುತ್ತಿದ್ದ ನಮ್ಮ ಗುರುಗಳು ಆ ನಂಬಿಕೆಯನ್ನು ಮೆಲ್ಲಗೆ ಅಲುಗಿಸಿದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು ಒಂದಾದರು. ಆದರೆ ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಯಾರ ವಿಧಿಪುಸ್ತಕ ಹಿಡಿಯುವುದು? 1950ರ ಜನವರಿಯಲ್ಲಿ ಮದ್ರಾಸಿನಲ್ಲಿ ಹೊಸ ವಿಧಿಯನ್ನು ಮೊದಲ ಬಾರಿಗೆ ಬಳಸಿದರು. ಅದರಲ್ಲಿ ಯಾರ ಪಾಲು ಎಷ್ಟೆಂದು ಗುರುಗಳು ಬಿಡಿಸಿ ತೋರಿಸುತ್ತಿದ್ದರು. ಮಹಾಯಾಜಕನಾದ ಯೇಸುವೇ, ನಮ್ಮ ನಡುವೆ ಬಾ ಎಂಬ ಕರೆ ಸ್ಪೇನಿನ ಹಳೆಯ ಮೊಜರಾಬಿಕ್ ವಿಧಿಯದು. ಕ್ರಿಸ್ತನ ಮರಣವನ್ನು ಸ್ಮರಿಸುತ್ತೇವೆ, ಪುನರುತ್ಥಾನವನ್ನು ಅರಿಕೆ ಮಾಡುತ್ತೇವೆ, ಪುನರಾಗಮನವನ್ನು ಎದುರುನೋಡುತ್ತೇವೆ ಎಂದು ಸಭೆಯವರೆಲ್ಲ ಒಟ್ಟಿಗೆ ಹೇಳುವ ಮಾತು, ಕೈಯಿಂದ ಕೈಗೆ ಸಮಾಧಾನ ದಾಟಿಸುವ ಕ್ರಮ ಎರಡೂ ಕೇರಳದ ಸುರಿಯಾನಿ ಕ್ರೈಸ್ತರ ಆರಾಧನೆಯಿಂದ ಬಂದವು. ಅಯ್ಯನವರು, ಅಂದರೆ ಪಾದ್ರಿಗಳು, ಸಭೆಗೆ ಬೆನ್ನು ಹಾಕದೆ, ಮೇಜಿನ ಆಚೆ ನಿಂತು ಜನರ ಕಡೆ ಮುಖ ಮಾಡುವುದೂ ಆ ವಿಧಿಯ ಜೊತೆಗೇ ಬಂದ ಪದ್ಧತಿ. ರೋಮನ್ ಕಥೊಲಿಕರಲ್ಲಿ ಅದು ಎಲ್ಲೆಡೆ ಹರಡಿದ್ದು 1960ರ ದಶಕದಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. ನಮ್ಮವರು ಒಂದು ಹೆಜ್ಜೆ ಮುಂದಿದ್ದರು ಎಂದು ಹೇಳಿಕೊಳ್ಳಲು ನನಗೆ ಈಗಲೂ ಸಣ್ಣ ಹೆಮ್ಮೆ.

ಚರಿತ್ರೆಯ ತರಗತಿಯಲ್ಲಿ ಅದೇ ಗುರುಗಳು ಓದಿಸಿದ ಎರಡು ಹಳೆಯ ಬರಹಗಳು ನನ್ನನ್ನು ಹಿಡಿದುಕೊಂಡವು. ಒಂದು, ಸುಮಾರು ಕ್ರಿ.ಶ. 112ರಲ್ಲಿ ಈಗಿನ ಟರ್ಕಿಯಲ್ಲಿದ್ದ ಬಿಥೂನ್ಯದ ರೋಮನ್ ಅಧಿಪತಿ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರ. ಈ ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂದು ಒಬ್ಬರಿಗೊಬ್ಬರು ದನಿಗೂಡಿಸಿ ಹಾಡುತ್ತಾರೆ, ಕದಿಯುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಪ್ರಮಾಣ ಮಾಡುತ್ತಾರೆ, ಮತ್ತೆ ಕೂಡಿ ಸಾದಾ ಊಟ ಮಾಡುತ್ತಾರೆ. ಇದನ್ನು ಖಚಿತಪಡಿಸಿಕೊಳ್ಳಲು ಅವನು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಒಳಪಡಿಸಿದ. ಸಭೆಯಲ್ಲಿ ಅವರು ಸೇವಕಿಯರಾಗಿದ್ದರಂತೆ. ನಮ್ಮ ಆರಾಧನೆಯ ಬಗ್ಗೆ ಹೊರಗಿನವನೊಬ್ಬ ಬರೆದ ಮೊದಮೊದಲ ವರದಿಯ ಹಿಂದೆ ಹೆಸರಿಲ್ಲದ ಇಬ್ಬರು ಹೆಂಗಸರ ನೋವಿದೆ. ಸ್ತ್ರೀಯರು ವೇದಿಯ ಹತ್ತಿರ ನಿಲ್ಲಬಹುದೇ ಎಂಬ ಚರ್ಚೆ ಎಲ್ಲೇ ಎದ್ದರೂ ನನಗೆ ಅವರಿಬ್ಬರ ನೆನಪಾಗುತ್ತದೆ.

ಇನ್ನೊಂದು, ಸುಮಾರು 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಗುರು ಜಸ್ಟಿನ್ ಬರೆದದ್ದು. ಭಾನುವಾರ ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಅಪೊಸ್ತಲರ, ಪ್ರವಾದಿಗಳ ಬರಹಗಳನ್ನು ಸಮಯವಿರುವಷ್ಟು ಓದುತ್ತಾರೆ. ಪ್ರಸಂಗ, ಪ್ರಾರ್ಥನೆ, ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ. ಆಮೇಲೆ ಸಭಾಸೇವಕರು ಬಾರದವರ ಮನೆಗೂ ಆ ಪಾಲನ್ನು ಒಯ್ಯುತ್ತಾರೆ. ಉಳ್ಳವರು ಕೊಟ್ಟ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರದೇಶಿಗಳಿಗೆ.

ಓದಿ ಮುಗಿಸಿದ ಮೇಲೆ ಗುರುಗಳು ಕೇಳಿದರು: “ಇದರಲ್ಲಿ ಯಾರ ಬಗ್ಗೆ ಹೆಚ್ಚು ಬರೆದಿದೆ?” ದೇವರ ಬಗ್ಗೆ, ರೊಟ್ಟಿಯ ಬಗ್ಗೆ ಎಂದು ನಾವು ಒಬ್ಬೊಬ್ಬರೂ ಒಂದೊಂದು ಹೇಳಿದೆವು. “ಅಲ್ಲಿ ಇಲ್ಲದವರನ್ನು ಎಣಿಸಿ ನೋಡಿ,” ಎಂದರು. ಮನೆಯಲ್ಲಿ ಮಲಗಿದವರು, ಜೈಲಿನಲ್ಲಿರುವವರು, ತಂದೆತಾಯಿ ಇಲ್ಲದವರು. ಬಂದವರು ಬಾರದವರನ್ನು ಹೊತ್ತುಕೊಂಡು ದೇವರ ಮುಂದೆ ನಿಲ್ಲುವುದೇ ಆರಾಧನೆ ಎಂಬುದು ಅವರ ಮತ. ಅಂದಿನಿಂದ ಅದು ನನ್ನದೂ ಆಯಿತು.

ಮತವನ್ನು ಹೇಳಿ ಬಿಡುವ ಆಸಾಮಿ ಅವರಲ್ಲ. ಬೆಳಗಿನ ಆರಾಧನೆಯನ್ನು ನಾವು ಸರದಿಯ ಮೇಲೆ ನಡೆಸುತ್ತಿದ್ದೆವು. ಮುಗಿದ ಮೇಲೆ ವಿಮರ್ಶೆ. ಪ್ರಸಂಗದ ಮೂರು ಅಂಶ ಸರಿಯಿತ್ತೇ, ದನಿ ಹಿಂದಿನ ಬೆಂಚಿಗೆ ಮುಟ್ಟಿತೇ ಎಂದು ಬೇರೆಯವರು ಕೇಳುತ್ತಿದ್ದರೆ, ಇತರರಿಗಾಗಿ ಬೇಡುವ ವಿಜ್ಞಾಪನೆಯ ಬಗ್ಗೆ ಇವರದು ಒಂದೇ ಪ್ರಶ್ನೆ: “ವಿಜ್ಞಾಪನೆಯಲ್ಲಿ ಯಾರಿದ್ದರು? ಪೇಪರ್ ಓದಿಕೊಂಡು ಬಂದಿದ್ದೀಯಾ?” ಲೋಕದ ಎಲ್ಲ ಬಡವರಿಗಾಗಿ, ಎಲ್ಲ ರೋಗಿಗಳಿಗಾಗಿ ಎಂದು ಒಟ್ಟಾರೆ ಪ್ರಾರ್ಥಿಸಿದವನಿಗೆ ಅವರಿಂದ ಉಳಿಗಾಲವಿರಲಿಲ್ಲ. ಯಾವ ಊರಿನ ಬಡವರು? ಏನು ರೋಗ? ಮೀನುಗಾರಿಕೆಯ ದೋಣಿ ಮಗುಚಿದ ಸುದ್ದಿ ಇದ್ದ ದಿನ ದೋಣಿಯವರ ಹೆಸರು ಪ್ರಾರ್ಥನೆಯಲ್ಲಿ ಬರಲೇಬೇಕು. ಹಾಗಾಗಿ ಸರದಿಯ ಹಿಂದಿನ ಸಂಜೆ ಸತ್ಯವೇದಕ್ಕಿಂತ ಹೆಚ್ಚು ಹೊತ್ತು ನಾವು ವಾಚನಾಲಯದಲ್ಲಿ ಉದಯವಾಣಿ ಹಿಡಿದು ಕೂರುತ್ತಿದ್ದೆವು.

ವಾರದ ಕೊನೆಗೆ ಸಭೆಗಳಿಗೆ ಕಳುಹಿಸುತ್ತಿದ್ದರು. ನನಗೆ ಸಿಕ್ಕಿದ್ದು ಹೆಂಚಿನ ಮಾಡಿನ ಒಂದು ಹಳೆಯ ದೇವಾಲಯ. ಜೂನ್ ತಿಂಗಳ ಮಳೆ ಬಯಲುಸೀಮೆಯವನಾದ ನನಗೆ ಹೊಸತು. ಹೆಂಚಿನ ಮೇಲೆ ಅದು ಬಿದ್ದಾಗ ಪ್ರಸಂಗದ ಒಂದಕ್ಷರವೂ ಕೇಳುತ್ತಿರಲಿಲ್ಲ. ಅಲ್ಲಿನ ಅಯ್ಯನವರು ಎರಡು ನಿಮಿಷ ನೋಡಿ ಪ್ರಸಂಗವನ್ನು ಅಲ್ಲಿಗೇ ನಿಲ್ಲಿಸಿ ನೇರ ಪ್ರಾರ್ಥನಾ ವಿಧಿಗೆ ಹೋಗುತ್ತಿದ್ದರು. ಅವರು ಹೇಳಿದ್ದು ಕೇಳಿಸದಿದ್ದರೂ ಎಲ್ಲಿ ಉತ್ತರ ಕೊಡಬೇಕೆಂದು ಜನರಿಗೆ ಗೊತ್ತು. ಅಚ್ಚಾದ ವಿಧಿಯನ್ನು ಸತ್ತ ಅಕ್ಷರವೆಂದು ಹಳಿಯುವವರನ್ನು ನಾನು ಅಲ್ಲಿಗೆ ಒಮ್ಮೆ ಮಳೆಗಾಲದಲ್ಲಿ ಕರೆದುಕೊಂಡು ಹೋಗಬೇಕು.

ಆರಾಧನೆ ಮುಗಿದ ಮೇಲೆ ನನ್ನ ಕೆಲಸ ಪೆಟ್ಟಿಗೆ ಹೊರುವುದು. ಅಂಗೈಯಗಲದ ಮರದ ಪೆಟ್ಟಿಗೆ. ಒಳಗೆ ಸಣ್ಣ ಪಾತ್ರೆ, ಮುಚ್ಚಳವಿರುವ ಬಾಟಲಿ, ಮಡಿಸಿದ ಬಿಳಿ ಬಟ್ಟೆ. ಕರ್ತನ ಭೋಜನವಿದ್ದ ಭಾನುವಾರ ಅಯ್ಯನವರ ಹಿಂದೆ ಅದನ್ನು ಹಿಡಿದು ಮನೆ ಮನೆ ತಿರುಗಬೇಕು. ಒಂದು ಮನೆಯಲ್ಲಿ ಸೊಂಟ ಮುರಿದು ಮಲಗಿದ್ದ ಅಜ್ಜಿ. ಮಾತ್ರೆಯ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ, ಸ್ಟೂಲಿನ ಮೇಲೆ ಬಟ್ಟೆ ಹಾಸಿ ನಾವು ಸಿದ್ಧರಾದರೂ ಅವರು ಸಿದ್ಧರಿಲ್ಲ.

“ನಿಲ್ಲಿ ಅಯ್ಯನವರೇ. ಇವತ್ತು ಯಾರೆಲ್ಲ ಬಂದಿದ್ರು?”

ಅಯ್ಯನವರು ಹೆಸರು ಹೇಳತೊಡಗಿದರು.

“ಆ ಮೂಲೆಮನೆಯವಳು? ಬರ್ಲಿಲ್ವಾ? ಯಾಕಂತೆ? ಹಾಡು ಯಾವ್ದು ಹಾಡಿದ್ದು? ಪೂರ್ತಿ ಹಾಡಿದ್ರಾ, ಎರಡು ಚರಣ ನುಂಗಿದ್ರಾ?”

ನುಂಗಿದ್ದೆವು. ಅಜ್ಜಿ ನನ್ನ ಕಡೆ ನೋಡಿ, “ಮಗಾ, ನೀನು ಓದುವವನಲ್ವಾ, ಆ ಎರಡನ್ನು ಈಗ ಹಾಡು,” ಎಂದರು. ಹಾಡಿದೆ. ಆಮೇಲೆಯೇ ಅವರು ಕೈ ಚಾಚಿದ್ದು. ಜಸ್ಟಿನ್ ಬರೆದದ್ದನ್ನು ಆ ಅಜ್ಜಿ ಓದಿರಲಿಲ್ಲ. ಆದರೆ ತನಗೆ ಬರಬೇಕಾದದ್ದು ಒಂದು ತುಣುಕು ರೊಟ್ಟಿಯಷ್ಟೇ ಅಲ್ಲ, ಇಡೀ ಸಭೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೊರಿಂಥದ ಸಭೆಯ ಮೇಲೆ ಪೌಲನಿಗೆ ಸಿಟ್ಟು ಬಂದದ್ದೂ ಇದೇ ವಿಷಯಕ್ಕೆ. ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು. ಏನೂ ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಇದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಬರೆದ. ಕೊನೆಗೆ ಕೊಟ್ಟ ಬುದ್ಧಿಮಾತು ಬಹಳ ಸರಳ: ಒಬ್ಬರಿಗಾಗಿ ಒಬ್ಬರು ಕಾಯಿರಿ. ನಮ್ಮ ನಾಡಿನಲ್ಲಿ ಇದು ಜಾತಿಯ ಪ್ರಶ್ನೆಯಾಗಿ ಬಂತು. ತಮಿಳು ಸೀಮೆಯ ಕೆಲವು ಸಭೆಗಳಲ್ಲಿ ಬೇರೆ ಬೇರೆ ಕೂರುವುದು, ಮೇಜಿಗೆ ಬೇರೆ ಬೇರೆ ಬರುವುದು ನಡೆದಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಈ ಭೇದ ಕೂಡದೆಂದು ಆಜ್ಞೆ ಮಾಡಿದಾಗ ಎಷ್ಟೋ ಜನ ಸಭೆಯನ್ನೇ ಬಿಟ್ಟು ಹೋದರು. ಒಂದೇ ಬಟ್ಟಲಿಗೆ ತುಟಿ ಮುಟ್ಟಿಸುವುದು ಎಷ್ಟು ಕಷ್ಟದ ಆರಾಧನೆ ಎಂಬುದು ಇದರಿಂದ ತಿಳಿಯುತ್ತದೆ. ಈಗ ಎಷ್ಟೋ ಕಡೆ ಪುಟ್ಟ ಪುಟ್ಟ ಲೋಟಗಳು ಬಂದಿವೆ. ಆರೋಗ್ಯದ ಕಾರಣ ನನಗೂ ಅರ್ಥವಾಗುತ್ತದೆ. ಅದರ ಜೊತೆಗೆ ಹಳೆಯ ಇನ್ನೊಂದು ಕಾರಣ ಸದ್ದಿಲ್ಲದೆ ನುಸುಳಿದೆಯೇ ಎಂಬ ಅನುಮಾನವನ್ನೂ ಬಿಟ್ಟಿಲ್ಲ.

ಸಮಾಧಾನದ ವಿಷಯಕ್ಕೆ ಬರೋಣ. ನನ್ನ ಬಲಗೈಯನ್ನು ಪಕ್ಕದವರ ಬಲ ಅಂಗೈಗೆ ಸೇರಿಸಿ, ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುವುದು ಕ್ರಮ. ಮೇಜಿನಿಂದ ಹೊರಟದ್ದು ಸಾಲು ಸಾಲಾಗಿ ಕೊನೆಯ ಬೆಂಚಿನವರೆಗೆ ಹೋಗಬೇಕು. ಕಾಣಿಕೆ ತಂದವನಿಗೆ ತಮ್ಮನ ಜೊತೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಲಿ ಎಂದು ಯೇಸು ಹೇಳಿದ್ದು ವಿಧಿಯಾಗಿ ಇಳಿದದ್ದು ಇಲ್ಲಿ. ನಾನು ಸೇವೆ ಮಾಡಿದ ಒಂದು ಊರಿನಲ್ಲಿ ಹಿತ್ತಲಗೋಡೆಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರು. ಅಣ್ಣ ಹೊತ್ತಿಗೆ ಸರಿಯಾಗಿ ಬರುವವರು. ತಮ್ಮ ಬರುತ್ತಿದ್ದದ್ದು ಸಮಾಧಾನ ಮುಗಿದ ಮೇಲೆ, ಗಡಿಯಾರ ನೋಡಿಕೊಂಡು! ನಾನು ಒಂದು ಭಾನುವಾರ ಬೇಕೆಂದೇ ವಿಜ್ಞಾಪನೆಯನ್ನು ಉದ್ದ ಮಾಡಿದೆ. ಅವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂತರು. ಗೋಡೆಯ ವ್ಯಾಜ್ಯ ನಾನು ವರ್ಗವಾಗಿ ಹೋಗುವವರೆಗೂ ಇತ್ತು. ಆದರೂ ಆ ಮನುಷ್ಯನ ಮೇಲೆ ನನಗೆ ಗೌರವ. ಸಮಾಧಾನವಿಲ್ಲದೆ ಕೈ ಕೊಡುವುದು ಸುಳ್ಳಾಗುತ್ತದೆಂದು ತಿಳಿದು ದೂರ ಉಳಿದರಲ್ಲ! ನಗುನಗುತ್ತಾ ಕೈ ಮುಟ್ಟಿಸಿ ಸೋಮವಾರ ಕೋರ್ಟಿಗೆ ಹೋಗುವವರನ್ನೂ ನೋಡಿದ್ದೇನೆ.

ಈಗಿನ ಪರದೆ, ಡ್ರಮ್, ಗಿಟಾರು ಇವುಗಳ ಬಗ್ಗೆ ಹಳೆಯ ವಿದ್ಯಾರ್ಥಿಗಳು ಗೊಣಗಬೇಕೆಂಬುದು ಒಂದು ಸಂಪ್ರದಾಯ. ನನಗೆ ಅಷ್ಟೇನೂ ತಕರಾರಿಲ್ಲ. ತಬಲಾ ಬಡಿದುಕೊಂಡು ಬೆಳೆದವನು ಡ್ರಮ್ಮಿಗೆ ಏನು ಹೇಳಲಿ? ಕಣ್ಣು ಮುಚ್ಚಿ ಕೈಯೆತ್ತಿ ಹಾಡುವ ಹುಡುಗರ ಭಕ್ತಿ ನಿಜವಾದದ್ದೇ. ನನ್ನ ಚಿಂತೆ ಹಾಡಿನ ಸಾಲುಗಳಲ್ಲಿ ಎಲ್ಲಿ ನೋಡಿದರೂ ‘ನಾನು, ನನಗೆ, ನನ್ನ’ ಎಂದಿರುವುದು. ದಾವೀದನ ಕೀರ್ತನೆಗಳಲ್ಲೂ ‘ನಾನು’ ಇದೆ, ಒಪ್ಪುತ್ತೇನೆ. ಆದರೆ ಅಲ್ಲಿ ಅದೇ ಬಾಯಿ ಬಡವನ, ದಿಕ್ಕಿಲ್ಲದವನ ಮಾತನ್ನೂ ಎತ್ತುತ್ತದೆ. ನ್ಯಾಯವು ಹೊಳೆಯಂತೆ ಹರಿಯದ ಕಡೆ ನಿಮ್ಮ ಹಾಡುಗಳ ಗದ್ದಲ ನನಗೆ ಬೇಡ ಎಂದು ಪ್ರವಾದಿ ಆಮೋಸನ ಬಾಯಲ್ಲಿ ದೇವರು ಹೇಳಿಸಿದ್ದು ವೀಣೆ ನುಡಿಸುತ್ತಿದ್ದವರಿಗೇ. ವಾದ್ಯ ಯಾವುದೆಂದು ದೇವರು ವಿಚಾರಿಸಲಿಲ್ಲ.

ನಮ್ಮ ಕಡೆ ಬೆಳೆಹಬ್ಬದ ದಿನ ದೇವಾಲಯದೊಳಗೆ ಜೋಳದ ತೆನೆ, ಕುಂಬಳಕಾಯಿ, ಒಣಮೆಣಸಿನಕಾಯಿ ಚೀಲ, ಕಾಲು ಕಟ್ಟಿದ ಕೋಳಿ ಎಲ್ಲ ಬಂದು ಬೀಳುತ್ತವೆ. ಪ್ರಾರ್ಥನೆಯ ನಡುವೆ ಕೋಳಿ ಕೂಗಿದರೆ ಮಕ್ಕಳಿಗೆ ಹಬ್ಬ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು, ಅಂದರೆ ಹರಾಜು. ಹತ್ತು ರೂಪಾಯಿಯ ಕಾಯಿ ನೂರಕ್ಕೆ ಏರುತ್ತದೆ. ಹಿಡಿದವರು ಅದನ್ನು ತಿರುಗಿ ಸಭೆಗೇ ಕೊಡುತ್ತಾರೆ, ಮತ್ತೆ ಸವಾಲು. ಪಟ್ಟಣದಿಂದ ಬಂದ ಬಂಧುವೊಬ್ಬರು ಇದೇನು ಸಂತೆ ಎಂದು ಮೂಗು ಮುರಿದರು. ನನಗಂತೂ ಕಾಣಿಕೆಯ ಪ್ರಾರ್ಥನೆ ಇಷ್ಟು ಗಟ್ಟಿಯಾಗಿ ಬೇರೆಲ್ಲೂ ಕೇಳಿಲ್ಲ. ಬಂದ ದುಡ್ಡು ಬಡವರ ನಿಧಿಗೆ ಹೋಗುತ್ತದೆ. ಉಳಿದ ಕುಂಬಳಕಾಯಿ, ಬಾಳೆಹಣ್ಣನ್ನು ಹೆಚ್ಚಿ ಪಾಲು ಮಾಡಿ, ಹಬ್ಬಕ್ಕೆ ಬರಲಾಗದವರ ಮನೆಗಳಿಗೆ ಹಂಚಬೇಕು.

ಹಿಂದಿನ ಸಲ ಆ ಕೆಲಸಕ್ಕೆ ಸಿಕ್ಕವರು ನಿಮ್ಮ ಕಾಲೇಜಿನಿಂದಲೇ ಸೇವಾ ತರಬೇತಿಗೆ ಬಂದಿದ್ದ ಇಬ್ಬರು ಹುಡುಗರು. ಬಿಸಿಲಿನಲ್ಲಿ ಬುಟ್ಟಿ ಹೊತ್ತು ಮೂರು ಓಣಿ ಸುತ್ತಿ ಬಂದು, ಬೆವರು ಒರೆಸಿಕೊಳ್ಳುತ್ತಾ ಒಬ್ಬ ಕೇಳಿದ: “ಅಯ್ಯನವರೇ, ಇದೂ ಆರಾಧನೆಯ ಅಂಕಕ್ಕೆ ಸೇರುತ್ತದಾ?” ಸೇರುತ್ತದೆ ಎಂದು ಅವನ ವರದಿಯಲ್ಲಿ ಬರೆದು ಸಹಿ ಹಾಕಿ ಕಳುಹಿಸಿದ್ದೇನೆ. ಅಧ್ಯಾಪಕರು ಅಂಕ ಕೊಟ್ಟರೋ ಇಲ್ಲವೋ, ಮುಂದಿನ ಸಂಚಿಕೆಯಲ್ಲಿ ಅವನೇ ಬರೆಯಲಿ.