ಲಕ್ಷದ್ವೀಪಕ್ಕೆ ಹಣ ಕಟ್ಟಿದೆವು, ಹಡಗು ಗೋವಾಕ್ಕೆ ಹೋಯಿತು

ಮುಂಬೈಯಿಂದ ಲಕ್ಷದ್ವೀಪದ ಕ್ರೂಸ್ ಬುಕ್ ಮಾಡಬೇಕು ಅಂತಿರುವ ದಾವಣಗೆರೆ, ಚಿತ್ರದುರ್ಗದ ಕಡೆಯವರು ಹಣ ಕಟ್ಟುವ ಮೊದಲು ಇದನ್ನು ಓದಿ.

ನಾವು ಪೂರ್ತಿ ಹಣ ಕಟ್ಟಿಯಾಗಿತ್ತು. ದ್ವೀಪಕ್ಕೆ ಹೋಗಲು ಬೇಕಾದ ಪರ್ಮಿಟ್‌ಗೆ ಆಧಾರ್, ಫೋಟೊ ಎಲ್ಲ ಕೊಟ್ಟಾಗಿತ್ತು. ಹೊರಡಲು ವಾರ ಇದೆ ಅನ್ನುವಾಗ ಮೆಸೇಜ್ ಬಂತು: ಲಕ್ಷದ್ವೀಪ ಇಲ್ಲ, ಬದಲಿಗೆ ಗೋವಾ, ಮತ್ತೊಂದು ದಿನ ಸುಮ್ನೆ ಸಮುದ್ರದಲ್ಲಿ. ನಮ್ಮವ್ವ ಹೊರಟಿದ್ದೇ ದ್ವೀಪ ನೋಡೋಕೆ. ಗೋವಾಕ್ಕೆ ಹಡಗು ಯಾಕೆ ಬೇಕು? ಹುಬ್ಬಳ್ಳಿ ಮೇಲೆ ಬಸ್ಸಿಗೇ ಹೋಗಬಹುದು, ಅಲ್ವಾ?

‘ನಮ್ಮ ಕೈಲಿ ಏನಿಲ್ಲ ಸಾರ್, ಟಿಕೆಟ್ ಷರತ್ತಲ್ಲೇ ಇದೆ’ ಅಂದರು ಏಜೆಂಟರು. ಇದೆ, ನಿಜ. ದಾರಿ, ಬಂದರು, ವೇಳೆ ಏನನ್ನು ಬೇಕಾದರೂ ಬದಲಿಸುವ ಹಕ್ಕು ಕಂಪನಿಗೆ ಇರುತ್ತದೆ. ಹೆಚ್ಚುಕಡಿಮೆ ಎಲ್ಲ ಕ್ರೂಸ್ ಕಂಪನಿಗಳೂ ಹಾಗೇ ಬರೆದುಕೊಂಡಿರುತ್ತವೆ. ನಾವು ರದ್ದು ಮಾಡಿದರೆ ಮಾತ್ರ ದಿನ ಹತ್ತಿರ ಬಂದಷ್ಟೂ ಕಡಿತ ಜಾಸ್ತಿ. ಹಾಗಾಗಿ ರದ್ದು ಮಾಡದೆ ಹೋಗಿಬಂದೆವು, ನಮಗೆ ವಾಪಸ್ ಬಂದಿದ್ದು ಬಂದರು ಶುಲ್ಕ ಅಷ್ಟೇ.

ಲಕ್ಷದ್ವೀಪದಲ್ಲಿ ದ್ವೀಪದ ಸುತ್ತ ಹವಳದ ದಿಬ್ಬಗಳಿವೆ. ದೊಡ್ಡ ಹಡಗು ಹೊರಗೇ ನಿಂತು, ಸಣ್ಣ ದೋಣಿಯಲ್ಲಿ ಜನರನ್ನು ಇಳಿಸುತ್ತದೆ. ಅಲೆ ಎದ್ದರೆ ಇಳಿಸುವುದಿಲ್ಲ. ಜೀವದ ಪ್ರಶ್ನೆ, ಅದನ್ನು ಒಪ್ಪೋಣ. ಆದರೆ ನಮಗೆ ಬಂದ ಮೆಸೇಜಿನಲ್ಲಿ ಹವಾಮಾನದ ಮಾತೇ ಇರಲಿಲ್ಲ.

ಮುಂಬೈವರೆಗೆ ಹೈವೇ 48ರಲ್ಲಿ ಸ್ಲೀಪರ್ ಬಸ್ಸು. ಮೇಲಿನ ಬರ್ತ್ ಕೊಟ್ಟರು, ಎಸಿ ನೀರು ರಾತ್ರಿಯೆಲ್ಲ ಕಾಲ ಮೇಲೆ ತೊಟ್ಟಿಕ್ಕಿತು. ವಯಸ್ಸಾದವರಿದ್ದರೆ ಕೆಳಗಿನದನ್ನೇ ಕೇಳಿ ಹಿಡಿಯಿರಿ.

ಬಸ್ ಹತ್ತುವ ಮೊದಲು ಊರಲ್ಲೇ ಬೆಣ್ಣೆ ದೋಸೆ ತಿನ್ನಿ. ದೊಡ್ಡ ಬೋರ್ಡಿನ ಹೋಟೆಲ್ ಬೇಡ, ಸೌದೆ ಒಲೆ ಇರುವ ಸಣ್ಣ ಜಾಗಕ್ಕೆ ಹೋಗಿ. ಕಾದ ಹಂಚಿನ ಮೇಲೆ ಬೆಣ್ಣೆ ಚುರ್ ಅನ್ನುತ್ತದೆ, ಅಂಚು ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಬೆಳ್ಳಗಿನ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಕೇಳಿದಷ್ಟು ಹಾಕುತ್ತಾರೆ. ಹಡಗಿನ ಬಫೆಯಲ್ಲಿ ಅಷ್ಟೊಂದು ಬಗೆ ಇದ್ದರೂ ಇಂಥ ಒಂದು ತಟ್ಟೆ ಸಿಗಲಿಲ್ಲ.

ಬುಕ್ ಮಾಡುವುದೇ ಆದರೆ ಮಳೆಗಾಲ ಬಿಡಿ. ‘ದ್ವೀಪ ಕೈಬಿಟ್ಟರೆ ಪೂರ್ತಿ ಹಣ ವಾಪಸ್’ ಅಂತ ಏಜೆಂಟರಿಂದ ಇಮೇಲ್ ತರಿಸಿಕೊಳ್ಳಿ. ಬರೆದು ಕೊಡದಿದ್ದರೆ ಹಣ ಕಟ್ಟಬೇಡಿ. ಮೊದಲು ತೋರಿಸಿದ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂಬೈ ರೂಮು ರದ್ದು ಮಾಡುವಂಥದ್ದೇ ಇರಲಿ. ಮೋಸ ಅನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮುಂಬೈಗೆ ಅಲೆಯಬೇಕಿಲ್ಲ. ನಾವು ಕಾಗದ ಪತ್ರ ಜೋಡಿಸುತ್ತಿದ್ದೇವೆ.