ಇಕ್ಕೇರಿ ಗುಡಿಯ ಕಂಬ, ಅಡಿಕೆ ತೋಟದ ಅಳತೆ

ಸಾಗರದಿಂದ ತೆಂಕಣಕ್ಕೆ ಆರು ಕಿಲೋಮೀಟರ್ ಹೋದರೆ ಇಕ್ಕೇರಿ. ಬಂದವರು ಅಘೋರೇಶ್ವರನಿಗೆ ಕೈಮುಗಿದು, ದೊಡ್ಡ ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಜೋಗದ ಕಡೆ ಗಾಡಿ ತಿರುಗಿಸುತ್ತಾರೆ. ನಡುಗಂಬಗಳ ಕಡೆ ತಲೆ ಎತ್ತಿ ನೋಡುವವರು ಕಡಿಮೆ. ಈ ಸೀಮೆಯ ಅಡಿಕೆ ತೋಟಗಳ ಕಂದಾಯದ ಲೆಕ್ಕ ಹುಟ್ಟಿದ್ದು ಆ ಕಂಬಗಳ ನಡುವೆ.

ಕೆಳದಿ ಅರಸರು ತೋಟ ಅಳೆಯಲು ಇಲ್ಲಿನ ನಡುಗಂಬಗಳ ಅಂತರವನ್ನೇ ಅಳತೆಗೋಲು ಮಾಡಿಕೊಂಡಿದ್ದರು: 18 ಅಡಿ 6 ಅಂಗುಲ. ಈ ಕೋಲಿನ ಅಳತೆಯ ಜಾಗ ಒಂದು ದಾಯ. ದಾಯಕ್ಕೆ ನಾಲ್ಕು ಮರ. ಶಿವಪ್ಪ ನಾಯಕ (1645–1660) ತನ್ನ ಶಿಸ್ತಿನಲ್ಲಿ, ಅಂದರೆ ಭೂಕಂದಾಯದ ಕಟ್ಟಳೆಯಲ್ಲಿ, ತೋಟದ ಕಂದಾಯ ಗೊತ್ತುಮಾಡಿದ್ದು ಸಾವಿರ ದಾಯಕ್ಕೆ ಇಷ್ಟು ಅಂತ. ಗದ್ದೆಗೆ ಬೇರೆ ಕ್ರಮ: ಭೂಮಿಯನ್ನು ಐದು ತರಗತಿ ಮಾಡಿ, ಹನ್ನೆರಡು ವರ್ಷದ ಬೆಳೆ, ಖರ್ಚು ನೋಡಿ, ಆಮೇಲೆ ದರ. ‘ಶಿಸ್ತಿನ ಶಿವಪ್ಪ ನಾಯಕ’ ಅನ್ನೋ ಹೆಸರು ಬಂದಿದ್ದು ಹಾಗೆ.

ದಾಯ ಚೌಕ ಅಂದುಕೊಂಡು ಲೆಕ್ಕ ಹಾಕಿ ನೋಡಿ. 18.5 ಅಡಿ ಉದ್ದ, ಅಷ್ಟೇ ಅಗಲ, 342 ಚದರಡಿ. ನಾಲ್ಕು ಮರ ಅಂದರೆ ಮರದಿಂದ ಮರಕ್ಕೆ 9 ಅಡಿ 3 ಅಂಗುಲ. ಎಕರೆಗೆ 127 ದಾಯ, ಸುಮಾರು 509 ಮರ. ಇವತ್ತು ಅಡಿಕೆಗೆ ಹೇಳುವ ಅಂತರ 2.7 ಮೀಟರ್, ಅಂದರೆ 9 ಅಡಿಗೆ ಒಂದೂಮುಕ್ಕಾಲು ಅಂಗುಲ ಕಡಿಮೆ. ಎಕರೆಗೆ 550ರ ಆಸುಪಾಸು. ನೂರಾರು ವರ್ಷದ ಹಿಂದಿನ ಕೋಲಿಗೂ ಇವತ್ತಿನ ಟೇಪಿಗೂ ಇರೋ ವ್ಯತ್ಯಾಸ ಒಂದು ಗೇಣೂ ಇಲ್ಲ. ಆಸೆಗೆ ಬಿದ್ದು ಏಳೂವರೆ ಅಡಿಗೆ ಸಸಿ ನೆಟ್ಟರೆ ಮರಗಳು ಬೆಳಕಿಗೆ ಪೈಪೋಟಿ ಮಾಡಿ ಸಣಕಲಾಗಿ ಮೇಲೇರುತ್ತವೆ, ಗಾಳಿಯಾಡದೆ ಗೊನೆಯ ತೇವ ಆರುವುದಿಲ್ಲ, ಮದ್ದು ಹೊಡೆದರೂ ಕೊಳೆರೋಗ ಹತೋಟಿಗೆ ಬರುವುದು ಕಷ್ಟ.

ಗುಡಿಯ ಕಂಬವೇ ಯಾಕೆ? ನನ್ನ ಊಹೆ ಹೀಗೆ: ಹಗ್ಗ ಹಿಗ್ಗುತ್ತದೆ, ಬಿದಿರು ಒಣಗಿ ಬಾಗುತ್ತದೆ, ಶಾನುಭೋಗರ ಕೋಲು ಎಲ್ಲೋ ಒಂದಂಗುಲ ಸವೆದಿರುತ್ತದೆ. ಕಲ್ಲಿಗೆ ಆ ರಗಳೆಯಿಲ್ಲ. ತಕರಾರು ಬಂದರೆ ಕೋಲು ತಂದು ದೇವರ ಮುಂದೆಯೇ ಹಿಡಿದು ನೋಡಬಹುದು.

ನೀವೂ ಅಂದಾಜು ನೋಡುವುದಾದರೆ ನೆಲದ ಮೇಲೆ ಹೆಜ್ಜೆ ಹಾಕಿ ನೋಡಿ. ಕೆತ್ತನೆಗೆ ಟೇಪು ಒತ್ತಬೇಡಿ, ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಕಟ್ಟಡ. ಕಂಬದ ಮೈಯಿಂದ ಮೈಗೆ ಒಂದು ಲೆಕ್ಕ ಬರುತ್ತದೆ, ನಡುವಿಂದ ನಡುವಿಗೆ ಇನ್ನೊಂದು. ಜನ ಎಡವುವುದು ಅಲ್ಲೇ. ಮಳೆಗಾಲದಲ್ಲಿ ಹೊರಗಿನ ಹಾಸುಗಲ್ಲು ಪಾಚಿಗಟ್ಟಿ ಜಾರುತ್ತದೆ, ಒಳಗೆ ಕತ್ತಲೆ; ಟಾರ್ಚ್ ಇರಲಿ.

ಟಾರ್ಚ್ ಹಿಡಿದು ನೋಡಬೇಕಾದ್ದು ಎರಡು. ಒಂದು, ಗರ್ಭಗುಡಿಯ ಮುಕ್ಕಾಲು ಭಾಗ ತುಂಬಿರುವ ಪೀಠ. ಸುತ್ತಲೂ ಕುಳಿತ 32 ಸ್ತ್ರೀದೇವತೆಗಳಿದ್ದಾರೆ. ಮೇಲಿದ್ದ ಮೂಲ ಅಘೋರೇಶ್ವರನಿಗೆ 32 ಕೈ ಇದ್ದವಂತೆ, ಬಿಜಾಪುರದ ದಾಳಿಯಲ್ಲಿ ಅದು ಹಾಳಾಯಿತಂತೆ. ಇನ್ನೊಂದು, ಗರ್ಭಗುಡಿಯ ಎದುರಿನ ನೆಲದಲ್ಲಿ ಕೆತ್ತಿದ ಮೂವರು ಕೆಳದಿ ನಾಯಕರು. ಮೂವರೂ ದೇವರಿಗೆ ನಮಸ್ಕರಿಸುತ್ತಿದ್ದಾರೆ, ಅವರಲ್ಲಿ ಒಬ್ಬನ ಕೈಕಾಲಿಗೆ ಸಂಕೋಲೆ. ಹುಚ್ಚು ಹಿಡಿದ ಅರಸ ಅಂತ ಹೇಳಿಕೆ. ಅರಸನನ್ನು ಬೇಡಿ ಸಮೇತ ಕೆತ್ತಿದ ಆ ಶಿಲ್ಪಿಯ ಧೈರ್ಯ ಮೆಚ್ಚಬೇಕು.

ಶಿವನ ಐದು ಮುಖಗಳಲ್ಲಿ ಅಘೋರ ದಕ್ಷಿಣದ ಮುಖ. ಆದರೆ ಈ ಗುಡಿಯ ಬಾಗಿಲು ಉತ್ತರಕ್ಕೆ! ಮುಖಮಂಟಪಕ್ಕೆ ಪೂರ್ವ, ಪಶ್ಚಿಮದಿಂದಲೂ ದಾರಿಯಿದೆ. ವಿಜಯನಗರದ ಗಟ್ಟಿ ಕಲ್ಲುಕೆಲಸ, ಹೊಯ್ಸಳರ ಅಲಂಕಾರ, ನಂದಿಮಂಟಪದಲ್ಲಿ ಸುಲ್ತಾನರ ಶೈಲಿಯ ಕಮಾನು: ಮೂರೂ ಒಂದೇ ಅಂಗಳದಲ್ಲಿ.

ಇಲ್ಲಿಂದ ಕೆಳದಿಗೂ ಹೋಗಿ, ಅದು ಸಾಗರದ ಆಚೆ ಬದಿಗೆ. ಚೌಡಪ್ಪ, ಭದ್ರಪ್ಪ ಅಣ್ಣತಮ್ಮಂದಿರ ಕಥೆ ಆ ಊರಿನದು: ಹುತ್ತಕ್ಕೆ ಹಾಲು ಸುರಿಸಿದ ಹಸು, ಅಗೆದಾಗ ಸಿಕ್ಕ ಲಿಂಗ, ಆಮೇಲೆ ದೊರೆತ ನಿಧಿ, ನಾಗರಮುರಿ ಅನ್ನೋ ಕತ್ತಿ. ರಾಮೇಶ್ವರನ ಪಕ್ಕದ ವೀರಭದ್ರನ ಗುಡಿಯಲ್ಲಿ ಚಾವಣಿ ನೋಡಿ, ಗಂಡಭೇರುಂಡ ಇದೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಬಂದಾಗ ರಾಜಧಾನಿ ಇಕ್ಕೇರಿಯೇ ಆಗಿತ್ತು. ಆಮೇಲೆ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ಟಂಕಸಾಲೆಯೂ ಜೊತೆಗೇ ಹೋಯಿತು. ನಾಣ್ಯವನ್ನು ಮಾತ್ರ ಜನ ಇಕ್ಕೇರಿ ವರಹ ಅಂತಲೇ ಎಣಿಸಿದರು.