ಎಲ್ಲರೂ ಪಾಸಾಗುವುದಾದರೆ ಪರೀಕ್ಷೆ ಯಾಕೆ?

ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಆಚೆಯ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಗಣಿತ ಕಲಿಸುತ್ತೇನೆ. ಪುತ್ತೂರು, ಮಂಗಳೂರು ಕಡೆಯ ನೆಂಟರು ಸಿಕ್ಕಿದರೆ ಸಾಕು, ಐದು ನಿಮಿಷದೊಳಗೆ ಈ ಪ್ರಶ್ನೆ ಬರುತ್ತದೆ: "ನಿಮ್ಮ ಕೇರಳದಲ್ಲಿ ಎಲ್ಲರೂ ಪಾಸಂತೆ, ಮತ್ತೆ ಪರೀಕ್ಷೆ ಯಾಕೆ ಮಾಡುವುದು?"

ಆ "ಅಂತೆ" ನನಗೆ ಆಗುವುದಿಲ್ಲ. ಅದರೊಳಗೆ ಉತ್ತರವೂ ಸೇರಿದೆ. ನಾವು ಪಾಠ ಮಾಡುವುದಿಲ್ಲ, ಮಕ್ಕಳು ಓದುವುದಿಲ್ಲ, ಸುಮ್ನೆ ಮಾರ್ಕು ಹಂಚುತ್ತೇವೆ ಎಂದು ಆಗಲೇ ತೀರ್ಮಾನವಾಗಿರುತ್ತದೆ.

ಮೊದಲು ಲೆಕ್ಕ ಹೇಳಿ ಮುಗಿಸುತ್ತೇನೆ. 2025ರಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡ 99.5. ಕರ್ನಾಟಕದ ಮೊದಲ ಪರೀಕ್ಷೆಯಲ್ಲಿ ರೆಗ್ಯುಲರ್ ಮಕ್ಕಳದು ಶೇಕಡ 66ರ ಆಸುಪಾಸು. ನಮ್ಮಲ್ಲಿ 2005ರಿಂದ ಗ್ರೇಡು. ಎ ಪ್ಲಸ್‌ನಿಂದ ಇ ವರೆಗೆ ಒಂಬತ್ತು ಗ್ರೇಡುಗಳು. ಡಿ ಪ್ಲಸ್, ಅಂದರೆ ಶೇಕಡ 30, ಬಂದರೆ ಮುಂದೆ ಓದಬಹುದು. ನೂರರಲ್ಲಿ 80 ಬರೆಯುವ ಪರೀಕ್ಷೆಗೆ, 20 ಸಿ.ಇ.ಗೆ, ಎಂದರೆ ವರ್ಷವಿಡೀ ತರಗತಿಯಲ್ಲಿ ಮಾಡಿದ ಕೆಲಸಕ್ಕೆ. ಸಿ.ಇ.ಯಲ್ಲಿ ಪೂರ್ತಿ 20 ಸಿಕ್ಕಿದ ಮಗುವಿಗೆ ಬರವಣಿಗೆಯಲ್ಲಿ 10 ಬಂದರೂ ಸಾಕು. ಇದು ಸರಿಯಲ್ಲ ಅಂತ ನೀವು ಹೇಳಿದರೆ ನಾನು ಜಗಳಕ್ಕೆ ಬರುವುದಿಲ್ಲ. ಸರಕಾರಕ್ಕೂ ಹಾಗೇ ಅನಿಸಿದೆ. 2024–25ರಿಂದ ಎಂಟನೆಯ ತರಗತಿಗೆ ಪ್ರತಿ ವಿಷಯದ ಬರವಣಿಗೆಯಲ್ಲೇ ಶೇಕಡ 30 ಬೇಕು ಎಂಬ ನಿಯಮ ಬಂದಿದೆ. 40ರ ಪೇಪರಾದರೆ 12. ಬಾರದ ಮಕ್ಕಳಿಗೆ ಏಪ್ರಿಲಿನಲ್ಲಿ ಪುನಃ ಪಾಠ, ಆಮೇಲೆ ಪುನಃ ಪರೀಕ್ಷೆ. ಆ "ಪುನಃ ಪಾಠ" ನನಗೆ ತುಂಬಾ ಇಷ್ಟ. ಆದರೆ ಏಪ್ರಿಲಿನ ಎರಡು ವಾರದಲ್ಲಿ ಮಾಡುವುದನ್ನು ಜುಲೈಯಲ್ಲೇ ಮಾಡಬೇಕಿತ್ತು.

ಪಾಸು ಎಷ್ಟು, ಫೇಲು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. "ಟೀಚರೇ, ಪೇಪರ್ ತಿದ್ದಿದ ಮೇಲೆ ನೀವು ಏನು ಮಾಡುತ್ತೀರಿ?" ಎಂದು ಒಬ್ಬರಾದರೂ ಕೇಳಬಾರದಾ? ನನ್ನ ಕೆಲಸ ಇರುವುದೇ ಅಲ್ಲಿ. ಯಾರೂ ಕೇಳದಿದ್ದರೂ ಹೇಳುತ್ತೇನೆ.

ಆರನೆಯ ತರಗತಿಯಲ್ಲಿ ಒಮ್ಮೆ ದಶಮಾಂಶದ ಸಣ್ಣ ಪರೀಕ್ಷೆ ಕೊಟ್ಟೆ. ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು? ಹತ್ತು ಪ್ರಶ್ನೆ. ಒಬ್ಬ ಹುಡುಗನಿಗೆ ಹತ್ತರಲ್ಲಿ ಆರು. ಪರವಾಗಿಲ್ಲ ಎಂದು ಪುಸ್ತಕ ಮುಚ್ಚುವವಳಿದ್ದೆ. ಮತ್ತೊಮ್ಮೆ ನೋಡಿದರೆ, ತಪ್ಪಾದ ನಾಲ್ಕೂ ಒಂದೇ ಜಾತಿಯವು. 2.5ಕ್ಕಿಂತ 2.45 ದೊಡ್ಡದು. 0.7ಕ್ಕಿಂತ 0.65 ದೊಡ್ಡದು. ಐದಕ್ಕಿಂತ ನಲವತ್ತೈದು ದೊಡ್ಡದಲ್ಲವೇ! 2.45 ಮತ್ತು 2.38 ಕೊಟ್ಟಲ್ಲಿ ಅವನದು ಸರಿಯಾಗಿತ್ತು, ಯಾಕೆಂದರೆ ಅಲ್ಲಿ ಅವನ ದಾರಿಯಲ್ಲಿ ಹೋದರೂ ಸರಿ ಉತ್ತರವೇ ಸಿಗುತ್ತದೆ. ಅಂದರೆ ಸರಿಯಾದ ಆರರಲ್ಲೂ ಅವನಿಗೆ ದಶಮಾಂಶ ಗೊತ್ತಿರಲಿಲ್ಲ. ಹತ್ತರಲ್ಲಿ ಆರು ಎಂಬ ಅಂಕ ಅದನ್ನು ಚಂದವಾಗಿ ಮುಚ್ಚಿಟ್ಟಿತ್ತು.

ಅವನನ್ನು ಹತ್ತಿರ ಕರೆದು, 2.45 ಓದು ಎಂದೆ. "ಎರಡು ಪಾಯಿಂಟ್ ನಲವತ್ತೈದು" ಎಂದ. ನನಗೆ ಎದೆ ಧಸಕ್ಕೆಂದಿತು. ಅದು ನನ್ನದೇ ಓದು. ರೂಪಾಯಿ ಪೈಸೆಯ ಅಭ್ಯಾಸದಲ್ಲಿ ನಾನು ತರಗತಿಯಲ್ಲಿ ಹಾಗೆಯೇ ಓದುತ್ತಾ ಬಂದಿದ್ದೆ. "ಎರಡು ಪಾಯಿಂಟ್ ನಾಲ್ಕು ಐದು" ಎಂದು ಓದಬೇಕಾಗಿತ್ತು. ಮರುದಿನ ಪಾಠವನ್ನು ಮೊದಲಿನಿಂದ ಮಾಡಿದೆ. ಅವನ ಮನೆಯಲ್ಲಿ ಅಡಿಕೆ ತೋಟ ಇದೆ. ಎರಡೂವರೆ ಕಿಲೋ ಅಡಿಕೆಯನ್ನು ಅಂಗಡಿಯ ತಕ್ಕಡಿ ಹೇಗೆ ತೋರಿಸುತ್ತದೆ ಎಂದು ಕೇಳಿದೆ. "2.500" ಎಂದ. ಅದರ ಕೆಳಗೆ 2.450 ಬರೆದೆ. ಅವನು ಸ್ವಲ್ಪ ಹೊತ್ತು ನೋಡಿ, ನಾನು ಹೇಳುವ ಮೊದಲೇ ತನ್ನ ಉತ್ತರ ಅಳಿಸಿದ.

ಇನ್ನೊಂದು ಪೇಪರು. 800 ರೂಪಾಯಿಯ ಬಟ್ಟೆಗೆ ಶೇಕಡ 15 ರಿಯಾಯಿತಿ ಕೊಟ್ಟರೆ ಎಷ್ಟು ಕೊಡಬೇಕು? ಒಬ್ಬಳು ಏನೂ ಬರೆದಿರಲಿಲ್ಲ. ಸೊನ್ನೆ. ಅವಳ ಮನೆಮಾತು ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ರಿಯಾಯಿತಿ ಅಂದರೆ ಏನು ಎಂದು ಕೇಳಿದೆ. ತಲೆ ತಗ್ಗಿಸಿದಳು. ಡಿಸ್ಕೌಂಟ್ ಅಂದೆ. "ಓ, ಕಮ್ಮಿ ಮಾಡಿ ಕೊಡುವುದಾ ಟೀಚರೇ?" ಎಂದು ಅಲ್ಲೇ ನಿಂತು 680 ಎಂದಳು. ಅವಳ ಆ ಸೊನ್ನೆ ಗಣಿತದ್ದಲ್ಲ. ಮೂರು ಭಾಷೆಯ ನಡುವೆ ಓದುವ ನಮ್ಮ ಗಡಿನಾಡಿನ ಮಕ್ಕಳ ಪೇಪರಿನಲ್ಲಿ ಇಂಥ ಸೊನ್ನೆಗಳು ಎಷ್ಟಿವೆಯೋ!

ಈಗ ನಾನು ಸಣ್ಣ ಪರೀಕ್ಷೆಗಳಿಗೆ ಅಂಕವನ್ನೇ ಬರೆಯುವುದಿಲ್ಲ. ಎಲ್ಲಿ ದಾರಿ ತಪ್ಪಿತು ಎಂದು ಒಂದು ಸಾಲು ಬರೆಯುತ್ತೇನೆ. ಅಂಕ ಹಾಕಿದರೆ ಮಗು ಅದನ್ನು ಮಾತ್ರ ನೋಡುತ್ತದೆ, ಪಕ್ಕದವನದ್ದು ಎಷ್ಟು ಎಂದು ಇಣುಕುತ್ತದೆ, ಸಾಲು ಹಾಗೇ ಉಳಿಯುತ್ತದೆ. ಇಸ್ರೇಲಿನ ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರಲ್ಲೇ ಇದನ್ನು ಮಕ್ಕಳೊಂದಿಗೆ ಮಾಡಿ ನೋಡಿದ್ದರು. ಕೆಲವರಿಗೆ ಅಂಕ, ಕೆಲವರಿಗೆ ಬರೀ ಸಾಲು, ಕೆಲವರಿಗೆ ಎರಡೂ. ಬರೀ ಸಾಲು ಸಿಕ್ಕಿದವರು ಮುಂದಿನ ಸಲ ಚೆನ್ನಾಗಿ ಮಾಡಿದರು. ಎರಡೂ ಸಿಕ್ಕಿದವರಿಗೆ ಆ ಲಾಭ ಸಿಗಲಿಲ್ಲ. "ಮಾರ್ಕು ಎಷ್ಟು ಅಂತ ಹೇಳಿ ಟೀಚರೇ" ಎಂದು ಮನೆಯವರು ಬಂದು ಕೇಳುತ್ತಾರೆ. ಪುಸ್ತಕ ಬಿಡಿಸಿ ತೋರಿಸುತ್ತೇನೆ. ಕೆಲವರಿಗೆ ಸಮಾಧಾನ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ.

2025ರ ಮೇ ತಿಂಗಳು. ಎರಡೂ ಕಡೆಯ ರಿಸಲ್ಟ್ ಬಂದಿತ್ತು. ಪುತ್ತೂರಿನ ಹತ್ತಿರ ಒಂದು ಮದುವೆ. ಊಟಕ್ಕೆ ಪಂಕ್ತಿಯಲ್ಲಿ ಪಕ್ಕ ಕೂತ ಗಂಡನ ದೊಡ್ಡಮ್ಮ ಅದನ್ನೇ ಕೇಳಿದರು. "ಅಲ್ಲ ಮಾರಾಯ್ತಿ, ನಿಮ್ಮಲ್ಲಿ ಎಲ್ಲರೂ ಪಾಸಂತೆ?" ಸಾರು ಬಡಿಸುವ ಮೊದಲೇ ನಾನು ರೇಗಿದೆ. "ನಿಮ್ಮಲ್ಲಿ ಮೂವರಲ್ಲಿ ಒಬ್ಬರನ್ನು ಫೇಲ್ ಮಾಡಿ ಏನು ಕಲಿಸಿದಿರಿ ದೊಡ್ಡಮ್ಮ?" ಎಂದುಬಿಟ್ಟೆ. ಅವರು ಮಾತಾಡಲಿಲ್ಲ. ಪಾಯಸ ಬರುವ ಹೊತ್ತಿಗೆ ಸಣ್ಣ ದನಿಯಲ್ಲಿ ಹೇಳಿದರು, ಅವರ ಮೊಮ್ಮಗನಿಗೆ ಗಣಿತ ಹೋಗಿತ್ತು.

ನನಗೆ ಆ ಪಾಯಸ ಇಳಿಯಲಿಲ್ಲ. ನಾಳೆಯೇ ಅವನನ್ನು ಕಳಿಸಿ ಎಂದೆ. ಅವರೇ ಅವನನ್ನು ಕರೆದುಕೊಂಡು ವಿಟ್ಲ, ಅಡ್ಕಸ್ಥಳ, ಪೆರ್ಲದ ದಾರಿಯಾಗಿ ಬಸ್ಸಿನಲ್ಲಿ ಬಂದರು. ಫೇಲಾದವರು ಪುನಃ ಬರೆಯುವ ಎರಡನೆಯ ಪರೀಕ್ಷೆಗೆ ಎರಡು ವಾರವೂ ಇರಲಿಲ್ಲ. ಹುಡುಗ ತಲೆ ಎತ್ತುತ್ತಿರಲಿಲ್ಲ. ಪಾಠ ಶುರು ಮಾಡದೆ ಅವನ ಹಳೆಯ ನೋಟ್ ಪುಸ್ತಕಗಳನ್ನು ಬಿಡಿಸಿದೆ. ಒಂದು ಗಂಟೆ ಬೇಕಾಯಿತು. ಆವರಣದ ಮುಂದೆ ಮೈನಸ್ ಬಂದಲ್ಲೆಲ್ಲ ಒಂದೇ ತಪ್ಪು. 7 − (x − 3) ಇದ್ದರೆ 7 − x − 3 ಎಂದು ಬರೆದಿದ್ದ. ಒಳಗಿನ ಚಿಹ್ನೆ ಬದಲಾಗಬೇಕು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮುಂದಿನ ಹೆಜ್ಜೆಗಳು ಹೆಚ್ಚಿನವು ಸರಿ, ಉತ್ತರ ಮಾತ್ರ ತಪ್ಪು. ಪ್ರತಿ ಪುಟದಲ್ಲೂ ಕೆಂಪು ಗೆರೆ ಇತ್ತು. ಯಾಕೆ ತಪ್ಪು ಎಂದು ಎಲ್ಲೂ ಇರಲಿಲ್ಲ.

ದೊಡ್ಡಮ್ಮನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುಗಿಸಿದರು. ಎಂಟನೆಯ ತರಗತಿಯ ಪುಸ್ತಕದಲ್ಲೂ ಅದೇ ತಪ್ಪು ಇತ್ತು.

"ಇದನ್ನು ಆಗಲೇ ಯಾರೂ ನೋಡ್ಲಿಲ್ವಾ?" ಎಂದು ಕೇಳಿದರು.

ನಾನು ಪೆನ್ಸಿಲ್ ತೆಗೆದು ಹುಡುಗನ ಪಕ್ಕ ಕುಳಿತೆ.